ದೇಶನೂರಿನ ಬಿಳಿ ಅಂಚಿನ ಹುಳ

ದೇಶನೂರಿನ ಗದ್ದೆಯ ಬದುವಿನ ಮೇಲೆ ಕುಳಿತು ಊರಮ್ಮ ಚಮಚದಿಂದ ಕೊಳೆತ ಹುಲ್ಲು ಕೆದರುತ್ತಿದ್ದರೆ, ನಾಟಿಗೆ ಹೊರಟ ಹೆಂಗಸರು ಸುಮ್ಮನೆ ದಾಟಿ ಹೋದ ದಿನವೇ ಇರಲಿಲ್ಲ.

"ಏ ಊರಮ್ಮ, ಹುಳ ಹಿಡಿಯಾಕ ಸರ್ಕಾರ ಪಗಾರ ಕೊಡ್ತೈತೇನವಾ? ನಮ್ಮನಿ ಹಿತ್ತಲಾಗ ಬುಟ್ಟಿಗಟ್ಲೆ ಅದಾವು. ನಮಗೂ ಒಂದು ನೌಕರಿ ಹಚ್ಚಿಸು."

"ಹಚ್ಚಿಸ್ತೀನಿ. ಕಾಲು ಎಣಸಾಕ ಬರ್ತೈತೇನು?"

"ಸಂಜಿ ಆದ್ರ ನನ್ನ ಗಂಡನವು ಎರಡು ಕಾಲು ನೆಟ್ಟಗ ನಿಲ್ಲಂಗಿಲ್ಲ. ಇನ್ನ ಹುಳದವು ಏನ್ ಎಣಸ್ಲಿ!"

ಹೆಂಗಸರು ನಗುತ್ತ ಕೆಸರಿಗೆ ಇಳಿಯುತ್ತಿದ್ದರು. ಊರಮ್ಮ ನಗುತ್ತಲೇ ಹುಲ್ಲಿನ ಇನ್ನೊಂದು ಪದರ ಎತ್ತುತ್ತಿದ್ದರು. ಆ ಹೆಂಗಸರ ಸಾಲಿನಲ್ಲಿ ಬಾಗಿ ನಿಂತು ಸಸಿ ಹಚ್ಚಿಯೇ ಅವರ ಅವ್ವ ಯಂಕಮ್ಮ ಮಗಳನ್ನು ಓದಿಸಿದ್ದು.

ಅಪ್ಪ ಸುಂಕಣ್ಣನವರೂ ಕೂಲಿ ಮಾಡಿ ಬದುಕಿದವರು. ಕಾಲುವೆಗೆ ನೀರು ಬಿಟ್ಟಾಗ ಗದ್ದೆ ಕೆಲಸ, ನೀರು ನಿಂತಾಗ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುವ ಕೆಲಸ. ಊರಮ್ಮ ಸಿರುಗುಪ್ಪದಲ್ಲಿ ಪಿಯುಸಿ ಓದಿ, ಬಳ್ಳಾರಿಯ ಹಾಸ್ಟೆಲ್‌ನಲ್ಲಿದ್ದುಕೊಂಡು ಬಿ.ಎಸ್‌ಸಿ. ಮುಗಿಸಿದರು. ಅವರ ಕೇರಿಯಲ್ಲಿ ಪದವಿ ಪಡೆದ ಮೊದಲ ಹೆಣ್ಣುಮಗಳು ಅವರೇ. ಮಗಳು ಏನು ಓದಿದಳು ಎಂದು ಕೇಳಿದವರಿಗೆಲ್ಲ ಸುಂಕಣ್ಣ "ದನದ ಡಾಕ್ಟರ್" ಎಂದು ಹೇಳಿಬಿಟ್ಟರು. ಪ್ರಾಣಿಶಾಸ್ತ್ರ ಎಂದರೆ ಅದೇ ಎಂದು ಅವರು ನಂಬಿದ್ದರು. ಮುಂದೆ ಎಷ್ಟೋ ವರ್ಷ ಊರಮ್ಮ ಊರಿಗೆ ಬಂದಾಗಲೆಲ್ಲ ಯಾರಾದರೂ ಎಮ್ಮೆ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದರು. ಅಪ್ಪನ ಬಾಯಲ್ಲಿ ಒಂದು ಮಾತು ಬಿತ್ತೆಂದರೆ ಅದು ಊರು ಸುತ್ತಿ ಬರುವಷ್ಟರಲ್ಲಿ ಬಲಿತಿರುತ್ತದೆ ಎಂಬುದು ಅವರಿಗೆ ಆಗಲೇ ತಿಳಿದಿತ್ತು.

ಎಂ.ಎಸ್‌ಸಿ. ಮಾಡಿ, ಕೆಲವು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದ ಮೇಲೆ ಕುರುಗೋಡಿನ ಒಂದು ಕಾಲೇಜಿನಲ್ಲಿ ಕಾಯಂ ಕೆಲಸ ಸಿಕ್ಕಿತು. ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಗಂಡ ಪಕ್ಕೀರಪ್ಪ ಅಲ್ಲಿಯೇ ಹತ್ತಿರದ ಒಂದು ಜೀನ್ಸ್ ವಾಶಿಂಗ್ ಯೂನಿಟ್ಟಿನಲ್ಲಿ ಮೇಲ್ವಿಚಾರಕ. ಹೊಲಿದು ಬಂದ ಹೊಸ ಪ್ಯಾಂಟುಗಳನ್ನು ಬ್ಲೀಚಿನಲ್ಲಿ ತೊಳೆದು, ತಿಕ್ಕಿ, ಹಳೆಯದರಂತೆ ಕಾಣಿಸುವುದು ಅವರ ಕೆಲಸ. ಬೆಳಿಗ್ಗೆ ಊರಮ್ಮ ಕುರುಗೋಡಿನ ಬಸ್ಸು ಹತ್ತಿದರೆ ಪಕ್ಕೀರಪ್ಪ ಸ್ಕೂಟರ್ ಹತ್ತುತ್ತಿದ್ದರು.

ಹುಳದ ಹುಚ್ಚು ಹಿಡಿದದ್ದು ಕುರುಗೋಡಿನ ಪ್ರಯೋಗಾಲಯದಲ್ಲಿ. ಅಲ್ಲಿ ಸ್ಪಿರಿಟ್ ತುಂಬಿದ ಗಾಜಿನ ಜಾಡಿಯೊಂದರಲ್ಲಿ ಗುಂಡನೆಯ ಕಪ್ಪು ಹುಳವೊಂದು ಸುರುಳಿ ಸುತ್ತಿಕೊಂಡಿತ್ತು. ಜಾಡಿಯ ಮೇಲೆ 'ಸಹಸ್ರಪದಿ' ಎಂದು ಬರೆದಿತ್ತು. ಸಿರಿಗೇರಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ, "ಮೇಡಂ, ನಮ್ಮ ಹೊಲದಾಗಿನವು ಹಿಂಗಿಲ್ಲ. ಅವು ಚಪ್ಪಟಿ ಅದಾವು, ಪಕ್ಕಕ್ಕ ರೆಕ್ಕಿ ಇದ್ದಂಗ ಅಂಚು ಅದಾವು. ಅವು ಬ್ಯಾರೆ ಏನ್ರಿ?" ಎಂದು ಕೇಳಿದಳು. ಊರಮ್ಮನಿಗೂ ಆ ಹುಳಗಳು ಗೊತ್ತಿದ್ದವು. ಚಿಕ್ಕಂದಿನಲ್ಲಿ ಕಡ್ಡಿಯಿಂದ ತಿರುವಿ ಆಡಿದ್ದರು. ಆದರೆ ಅವುಗಳ ಹೆಸರು ಗೊತ್ತಿರಲಿಲ್ಲ. ಆ ಪ್ರಶ್ನೆಯೇ ಮುಂದೆ ಅವರ ಪಿಎಚ್.ಡಿ. ವಿಷಯವಾಯಿತು.

ಚಪ್ಪಟೆ ಬೆನ್ನಿನ ಈ ಸಹಸ್ರಪದಿಗಳದ್ದೇ ಒಂದು ದೊಡ್ಡ ಗಣ. ಪಾಲಿಡೆಸ್ಮಿಡಾ ಎಂದು ಅದರ ಹೆಸರು. ಸಹಸ್ರಪದಿಗಳ ಗಣಗಳಲ್ಲೆಲ್ಲ ಇದರಷ್ಟು ಪ್ರಭೇದಗಳಿರುವ ಗಣ ಇನ್ನೊಂದಿಲ್ಲ. ಇವಕ್ಕೆ ಕಣ್ಣುಗಳೇ ಇಲ್ಲ. ಮೈ ಉಂಗುರ ಉಂಗುರವಾಗಿರುತ್ತದೆ. ಬೆಳೆದ ಹುಳಕ್ಕೆ ಸಾಮಾನ್ಯವಾಗಿ ಇಪ್ಪತ್ತು ಉಂಗುರ. ಒಂದೊಂದು ಉಂಗುರದ ಎರಡೂ ಬದಿಗೆ ತೆಳ್ಳನೆಯ ಅಂಚು ಚಾಚಿಕೊಂಡಿರುವುದರಿಂದ ಬೆನ್ನು ಚಪ್ಪಟೆಯಾಗಿ ಕಾಣುತ್ತದೆ. ಮುಟ್ಟಿ ಕಾಡಿದರೆ ಕಹಿ ಬಾದಾಮಿಯ ವಾಸನೆ ಬಿಡುತ್ತವೆ. ಆ ವಾಸನೆಯಲ್ಲಿ ಇರುವೆಯನ್ನು ಓಡಿಸುವಷ್ಟು ವಿಷವಿರುತ್ತದೆ.

ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವುದು ಸುಲಭವಲ್ಲ. ಬಣ್ಣ ನಂಬುವಂತಿಲ್ಲ, ಉದ್ದ ನಂಬುವಂತಿಲ್ಲ. ಮರಿಗಳಂತೂ ಮೊದಲ ವರ್ಷ ಊರಮ್ಮನನ್ನು ಚೆನ್ನಾಗಿಯೇ ಏಮಾರಿಸಿದವು. ಮೊಟ್ಟೆಯಿಂದ ಬಂದಾಗ ಉಂಗುರ ಕಡಿಮೆ, ಪೊರೆ ಬಿಟ್ಟಾಗಲೆಲ್ಲ ಹೆಚ್ಚುತ್ತ ಹೋಗುತ್ತವೆ. ಒಂದೇ ತಾಯಿಯ ಮಕ್ಕಳನ್ನು ಅವರು ಮೂರು ಪ್ರಭೇದವೆಂದು ಬೇರೆ ಬೇರೆ ಬಾಟಲಿಗೆ ಹಾಕಿದ್ದರು. ನಂಬಬಹುದಾದ ಗುರುತು ಬೆಳೆದ ಗಂಡಿನಲ್ಲಿದೆ. ಗಂಡಿನ ಏಳನೇ ಉಂಗುರದ ಕೆಳಗೆ ಒಂದು ಜೊತೆ ಕಾಲು ಕೂಡುವ ಅಂಗವಾಗಿ ಮಾರ್ಪಟ್ಟಿರುತ್ತದೆ. ಒಂದೊಂದು ಪ್ರಭೇದಕ್ಕೆ ಅದರ ಕೊಕ್ಕೆ, ಬಾಗು, ಮುಳ್ಳು ಬೇರೆ ಬೇರೆ. ಅದನ್ನು ನೋಡದೆ ಹೆಸರಿಡಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ.

ಮೂರು ಮಳೆಗಾಲದಲ್ಲಿ ಅವರು ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಸುತ್ತ ಎಲ್ಲ ಕಡೆ ಕೆದರಿದರು. ಕುರುಗೋಡಿನ ಬಂಡೆಗಳ ಸಂದಿಯ ಎಲೆಗೊಬ್ಬರದಲ್ಲಿ ಬೆರಳ ಉಗುರಿಗಿಂತ ಚಿಕ್ಕದಾದ, ಬೂದಿ ಬಣ್ಣದ ಒಂದು ಬಗೆ ಸಿಕ್ಕಿತು. ಬಳ್ಳಾರಿಯ ನರ್ಸರಿಗಳ ಹೂಕುಂಡದಲ್ಲಿ ಪರದೇಶದಿಂದ ಗಿಡದ ಮಣ್ಣಿನೊಂದಿಗೆ ಬಂದು ನೆಲೆಸಿದ ಬಗೆಯೊಂದು ಸಿಕ್ಕಿತು. ಗದ್ದೆಯ ಬದುಗಳಲ್ಲಿ ಎಲ್ಲಿ ನೋಡಿದರೂ ಕಪ್ಪು ಮೈ, ಹಳದಿ ಅಂಚಿನ ಸಾಮಾನ್ಯ ಹುಳ. ದೇಶನೂರಿನ ಹಿತ್ತಿಲು, ತೋಟಗಳಲ್ಲಿ ಅದಲ್ಲದೆ ಇನ್ನೂ ಮೂರು ಬಗೆ ಸಿಕ್ಕವು. ಹೀಗಿರುವಾಗ ದೇಶನೂರಿನಿಂದ ತಂದ ಎರಡು ಡಬ್ಬಿಗಳಲ್ಲಿ ಬಿಳಿ ಅಂಚಿನ ಹುಳ ಕಾಣಿಸಿತು.

ಆ ಸಲ ಕಾಲೇಜಿನ ಬಾಟಲಿಗಳು ಸಾಲದೆ ಪಕ್ಕೀರಪ್ಪ ಎಲ್ಲಿಂದಲೋ ಆ ಎರಡು ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟಿದ್ದರು. ಊರಮ್ಮ ಸಂಜೆಯ ಅವಸರದಲ್ಲಿ ಕೆಸರು ಮೆತ್ತಿದ ಹುಳಗಳನ್ನು ಹಾಗೆಯೇ ಹಾಕಿ, ಸ್ಪಿರಿಟ್ ಸುರಿದು, ಬಸ್ಸು ಹಿಡಿದಿದ್ದರು. ವಾರ ಕಳೆದು ಕೆಸರು ತೊಳೆದು ನೋಡಿದರೆ ಅಂಚುಗಳು ಬೆಳ್ಳಗೆ, ಸುಣ್ಣದ ಗೆರೆ ಎಳೆದಂತೆ. ಸ್ಪಿರಿಟ್ಟಿನಲ್ಲಿ ಬಣ್ಣ ಹೋಗುವುದು ಅವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಅದಕ್ಕೆ ತಿಂಗಳುಗಟ್ಟಲೆ ಬೇಕು, ವಾರದಲ್ಲಿ ಹೋಗುವುದಿಲ್ಲ. ಸಿಕ್ಕವೆಲ್ಲ ಹೆಣ್ಣು ಹುಳಗಳೇ. ಒಂದೂ ಗಂಡು ಇರಲಿಲ್ಲ.

ಮಾರ್ಗದರ್ಶಕರಾದ ಶಶಿಕಾಂತ್ ಸರ್ ಬಹಳ ಹೊತ್ತು ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದು, ತಲೆ ಎತ್ತಿದಾಗ ನಗುತ್ತಿದ್ದರು.

"ಊರಮ್ಮ, ಇದು ಹೊಸದಿರಬಹುದು. ಒಂದು ಗಂಡು ಹುಡುಕಿ. ಸಿಕ್ಕರೆ ನಿಮ್ಮೂರಿನ ಹೆಸರೇ ಇಡೋಣ, ದೇಶನೂರೆನ್ಸಿಸ್ ಅಂತ."

ಈ 'ಇರಬಹುದು' ಎಂಬ ಮಾತನ್ನು ಊರಮ್ಮ ಮನೆಯಲ್ಲಿ ಹಾಗೆಯೇ ಹೇಳಿದರು. ಫೋನಿನಲ್ಲಿ ಅಪ್ಪನಿಗೂ ಹಾಗೆಯೇ ಹೇಳಿದರು. ಸುಂಕಣ್ಣ ಮಾತ್ರ ಮರುದಿನ ಹೋಟೆಲಿನ ಬೆಂಚಿನ ಮೇಲೆ ಕುಳಿತು, ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ಹುಳ ದೇಶನೂರಿನಲ್ಲಿ ಸಿಕ್ಕಿದೆ, ಅದಕ್ಕೆ ಊರಿನ ಹೆಸರು ಇಟ್ಟಾಗಿದೆ, ಹುಳದ ಪುಸ್ತಕ ಇರುವ ದೇಶಗಳಲ್ಲೆಲ್ಲ ಇನ್ನು ದೇಶನೂರನ್ನು ಓದುತ್ತಾರೆ ಎಂದು ಹೇಳಿದರು. ಊರಿಗೆ ಆ ಮಾತು ಹಿಡಿಸಿತು. ಸಾಲೆಯ ಮಕ್ಕಳು ದೇಶನೂರೆನ್ಸಿಸ್ ಎಂಬುದನ್ನು ಹಾಡಿನಂತೆ ಹೇಳುತ್ತ ಓಡಾಡಿದರು. ಪಂಚಾಯ್ತಿ ಅಧ್ಯಕ್ಷೆ ವೀರಭದ್ರಮ್ಮ ಫೋನ್ ಮಾಡಿ, ದಸರಾ ಮುಗಿದ ಮೇಲಿನ ಭಾನುವಾರ ಸನ್ಮಾನ ಇಟ್ಟುಕೊಂಡಿದ್ದೇವೆ ಎಂದರು.

"ಇನ್ನ ಖಾತ್ರಿ ಆಗಿಲ್ರಿ ಅಧ್ಯಕ್ಷರ. ಗಂಡು ಸಿಗಬೇಕು" ಎಂದರು ಊರಮ್ಮ.

"ಸಿಗ್ತೈತಿ ಬಿಡವಾ. ನಿನಗ ಸಿಗದಿದ್ರ ಇನ್ಯಾರಿಗ ಸಿಗ್ತೈತಿ? ಶಾಲು ತಂದೀವಿ, ಫ್ಲೆಕ್ಸ್ ಬರೆಸಾಕ ಕೊಟ್ಟೀವಿ. ನೀ ಬಾ ಅಷ್ಟ."

ಆ ಫೋನಿನ ನಂತರ ಊರಮ್ಮ ಬಿಡುವಾದಾಗಲೆಲ್ಲ ದೇಶನೂರಿಗೆ ಹೋದರು. ಅದೇ ಬದು, ಅದೇ ಹುಲ್ಲು. ಗಂಡುಗಳು ಧಾರಾಳವಾಗಿ ಸಿಕ್ಕವು. ಎಲ್ಲವೂ ಹಳದಿ ಅಂಚಿನವೇ, ಏಳನೇ ಉಂಗುರದಲ್ಲಿ ಸಾಮಾನ್ಯ ಹುಳದ ಗುರುತೇ. ಬಿಳಿ ಅಂಚಿನದು, ಗಂಡಾಗಲಿ ಹೆಣ್ಣಾಗಲಿ, ಜೀವಂತವಾಗಿ ಒಂದೂ ಕಾಣಲಿಲ್ಲ. ಇಷ್ಟು ಹುಡುಕಿದರೂ ಸಿಗದಿರಲು ಕಾರಣ ಇರಲೇಬೇಕು ಎಂದು ಅವರಿಗೆ ಅನ್ನಿಸತೊಡಗಿತು. ಕಾರಣ ಮಾತ್ರ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಗಂಡನ ಊಟದ ಡಬ್ಬಿ ಕೊಡಲು ವಾಶಿಂಗ್ ಯೂನಿಟ್ಟಿಗೆ ಹೋದರು. ಒಬ್ಬ ಕೆಲಸಗಾರ ಗಾಢ ನೀಲಿ ಪ್ಯಾಂಟೊಂದನ್ನು ಹಲಗೆಯ ಮೇಲೆ ಹರವಿ ಬ್ಲೀಚಿನ ಅರಿವೆಯಿಂದ ಒರೆಸುತ್ತಿದ್ದ. ಬಟ್ಟೆ ಇನ್ನೂ ನೀಲಿಯಾಗಿಯೇ ಇತ್ತು. ಆದರೆ ಉಬ್ಬಿ ನಿಂತಿದ್ದ ಹೊಲಿಗೆಯ ಅಂಚು, ಜೇಬಿನ ತುದಿ ಮಾತ್ರ ಬೆಳ್ಳಗಾಗಿದ್ದವು. ಊರಮ್ಮ ಡಬ್ಬಿ ಕೆಳಗಿಟ್ಟು ಆ ಪ್ಯಾಂಟನ್ನೇ ಎತ್ತಿ ಹಿಡಿದು ನೋಡಿದರು.

ಪಕ್ಕೀರಪ್ಪ ಬಂದವರು, "ಏನು, ಪ್ಯಾಂಟ್ ಬೇಕೇನು? ಅದು ನಿನ್ನ ಸೈಜಿಂದಲ್ಲ" ಎಂದರು.

"ರೀ, ದೇಶನೂರಿಗೆ ಹೋಗೋವಾಗ ಡಬ್ಬಿ ಕೊಟ್ಟಿದ್ರಲ್ಲ, ಅವು ಎಲ್ಲಿವು?"

"ಇಲ್ಲಿವ. ಬ್ಲೀಚ್ ತುಂಬಿ ಬಂದಿರ್ತಾವಲ್ಲ, ಅವು. ಯಾಕ?"

"ತೊಳದಿದ್ರೇನು?"

"ತೊಳದಿದ್ನಲ್ಲ! ಒಂದು ಸಲ ಚಂದಾಗಿ ನೀರು ಹಾಕಿ ಕುಲುಕಿ ಚೆಲ್ಲಿದ್ದೆ."

"ಒಂದು ಸಲ?"

"ಏ, ಪ್ಯಾಂಟು ತೊಳೆಯೋರಿಗೆ ಡಬ್ಬಿ ತೊಳೆಯಾಕ ಕಲಸ್ತೀಯೇನು?" ಎಂದವರು ಹೆಂಡತಿಯ ಮುಖ ನೋಡಿ ನಗುವುದನ್ನು ನಿಲ್ಲಿಸಿದರು. "ಏನಾತು? ನನ್ನಿಂದ ಏನಾರ ಕೆಟ್ಟಿತೇನು?"

"ನಿಮ್ಮಿಂದ ಅಲ್ರಿ. ಡಬ್ಬಿ ಮೂಸಿ ನೋಡದೇ ಹುಳ ಹಾಕಿದಾಕಿ ನಾನು."

ಅನುಮಾನ ಅನುಮಾನವಾಗಿಯೇ ಉಳಿಯಬಾರದು ಎಂದು ಅವರು ಅಂಥವೇ ಎರಡು ಡಬ್ಬಿ ಕೇಳಿ ಪಡೆದರು. ಒಂದನ್ನು ಪಕ್ಕೀರಪ್ಪ ಮೊದಲಿನಂತೆಯೇ ಕುಲುಕಿ ಚೆಲ್ಲಿದರು. ಇನ್ನೊಂದನ್ನು ಊರಮ್ಮ ಸೋಪು ಹಾಕಿ, ಮತ್ತೆ ಮತ್ತೆ ನೀರು ಬದಲಿಸಿ ತೊಳೆದರು. ಎರಡಕ್ಕೂ ದೇಶನೂರಿನ ಹಳದಿ ಅಂಚಿನ ಹೆಣ್ಣು ಹುಳಗಳನ್ನು ಹಾಕಿ ಸ್ಪಿರಿಟ್ ತುಂಬಿ ಮನೆಯ ಗೂಡಿನಲ್ಲಿಟ್ಟರು. ವಾರದೊಳಗೆ ಮೊದಲನೆಯ ಡಬ್ಬಿಯಲ್ಲಿ ಸುಣ್ಣದ ಗೆರೆ ಎಳೆದಂಥ ಅಂಚು ಮೂಡಿತು. ದಪ್ಪನೆಯ ಕಪ್ಪು ಮೈ ಹಾಗೆಯೇ ಉಳಿದಿತ್ತು, ತೆಳ್ಳನೆಯ ಅಂಚು ಮಾತ್ರ ಬಣ್ಣ ಕಳೆದುಕೊಂಡಿತ್ತು. ಎರಡನೆಯ ಡಬ್ಬಿಯಲ್ಲಿ ಹಳದಿ ಹಳದಿಯಾಗಿಯೇ ಇತ್ತು. ಹೊಸ ಬಿಳಿ ಅಂಚಿನದನ್ನು ಹಳೆಯದರ ಪಕ್ಕದಲ್ಲಿಟ್ಟು ಉಂಗುರ ಉಂಗುರ ಹೋಲಿಸಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಸನ್ಮಾನಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು. ಊರಮ್ಮ ಎರಡು ಡಬ್ಬಿಗಳನ್ನೂ ಶಶಿಕಾಂತ್ ಸರ್ ಮೇಜಿನ ಮೇಲಿಟ್ಟರು. ಅವರು ನೋಡಿದರು, ಒಪ್ಪಿದರು, ಕನ್ನಡಕ ತೆಗೆದು ಒರೆಸಿದರು.

"ಒಳ್ಳೇದಾಯ್ತು, ಪೇಪರ್ ಇನ್ನೂ ಕಳಿಸಿರಲಿಲ್ಲ. ಯಾರಿಗೂ ನಷ್ಟ ಇಲ್ಲ ಬಿಡಿ. ಊರವರು ಪ್ರೀತಿಯಿಂದ ಕರೆದಿದಾರೆ, ಹೋಗಿ ಶಾಲು ಹೊದಿಸ್ಕೊಂಡು ಬನ್ನಿ. ನಿಮ್ಮ ಓದಿಗೆ ಸನ್ಮಾನ ಅಂತ ತಿಳ್ಕೊಂಡ್ರಾಯ್ತು. ಹುಳದ ವಿಷಯ ನಿಧಾನಕ್ಕೆ ಎಲ್ಲರೂ ಮರೀತಾರೆ."

"ಫ್ಲೆಕ್ಸಿನಾಗ ನನ್ನ ಓದಿನ ಹೆಸರಿಲ್ರಿ ಸರ್. ಹುಳದ ಹೆಸರೈತಿ."

"ನಿಮ್ಮ ತಂದೆಯವರ ಬಗ್ಗೆ ಯೋಚನೆ ಮಾಡಿದ್ರಾ?"

ಊರಮ್ಮ ಯೋಚಿಸಿದ್ದು ಅದನ್ನೇ. ಶನಿವಾರ ಸಂಜೆಯೇ ದೇಶನೂರಿಗೆ ಹೋದರು. ಸುಂಕಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಇಸ್ತ್ರಿ ಮಾಡಿಸಿ ತಂದ ಬಿಳಿ ಅಂಗಿಯನ್ನು ಮಡಿಕೆ ಕೆಡದಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಮಗಳು ಹೇಳಿದ್ದನ್ನು ಕೊನೆಯವರೆಗೂ ಕೇಳಿದರು.

"ಅಂದ್ರ ಅದು ನಮ್ಮ ಹಿತ್ತಲಾಗಿನ ಹುಳಾನ?"

"ಅದ ಅಪ್ಪ."

"ಇದು ಯಾರ್‍ಯಾರಿಗೆ ಗೊತ್ತೈತಿ?"

"ನಮ್ಮ ಸರ್‌ಗೆ, ಇವರಿಗೆ, ನನಗ."

"ಮತ್ತ ಸುಮ್ಮನಿರು. ಹುಳ ಏನು ಎದ್ದು ಬಂದು ಹೇಳ್ತೈತೇನು?"

ಒಳಗಿನಿಂದ ಯಂಕಮ್ಮ, "ನೀ ಹೋಟ್ಲಿನಾಗ ಬಾಯಿ ಬಿಡದಿದ್ರ ಆಕಿ ಸುಮ್ಮನ ಇರ್ತಿದ್ಲು" ಎಂದರು.

"ನೀ ಸುಮ್ಮನಿರಲೇ! ನಾಳಿ ಇಡೀ ಊರು ಸೇರ್ತೈತಿ. ಊರಮುಂದ ನನ್ನ ಮುಖ ಏನಾಗಬೇಕು?"

ಊರಮ್ಮ ಅಪ್ಪನ ಪಕ್ಕದಲ್ಲಿಯೇ ಕುಳಿತರು. "ಅಪ್ಪ, ಈ ಹುಳದ ಕೆಲಸ ಮಾಡೋರು ನಾನೊಬ್ಬಾಕಿ ಅಲ್ಲ. ನಾಳಿ ಇನ್ಯಾರೋ ನಮ್ಮೂರಿಗೆ ಬರ್ತಾರ, ಅದ ಬದುವಿನಾಗ ಬಿಳಿ ಅಂಚಿಂದು ಹುಡುಕ್ತಾರ, ಸಿಗಂಗಿಲ್ಲ. ಆಮ್ಯಾಲ ದೇಶನೂರು ಅಂದ್ರ ಸುಳ್ಳು ಬರೆದ ಊರು ಅಂತಾರ. ನಿನಗ ಅದು ಬೇಕೇನು?"

ಸುಂಕಣ್ಣ ಅಂಗಿಯನ್ನು ಎತ್ತಿಕೊಂಡು ಒಳಗೆ ಹೋದರು. ಮರುದಿನ ಬೆಳಿಗ್ಗೆ ಮಗಳು ಸಾಲೆಗೆ ಹೊರಟಾಗಲೂ ಜೊತೆಗೆ ಬರುತ್ತೇನೆ ಎನ್ನಲಿಲ್ಲ.

ಸಾಲೆಯ ಅಂಗಳದಲ್ಲಿ ಜಮಖಾನ ಹಾಸಿತ್ತು. ವೇದಿಕೆಯ ಹಿಂದೆ ಫ್ಲೆಕ್ಸಿನಲ್ಲಿ ಊರಮ್ಮನ ಫೋಟೋ, ಅದರ ಪಕ್ಕದಲ್ಲಿ ಯಾರೋ ಮೊಬೈಲಿನಿಂದ ಹುಡುಕಿ ಹಾಕಿದ ಬೇರೆಯದೇ ಒಂದು ಕೆಂಪು ಹುಳ. ವೀರಭದ್ರಮ್ಮ ಸ್ವಾಗತದ ಮಾತು ಮುಗಿಸಿ ಶಾಲಿನ ತಟ್ಟೆಗೆ ಕೈ ಹಾಕುವಷ್ಟರಲ್ಲಿ ಊರಮ್ಮ ಎದ್ದು ನಿಂತರು.

"ಶಾಲು ಹಾಕೋಕಿಂತ ಮೊದಲ ನನ್ನ ಮಾತು ಕೇಳ್ರಿ ಅಧ್ಯಕ್ಷರ. ಇದು ಹೊಸ ಹುಳ ಅಲ್ಲ."

ಅಂಗಳದಲ್ಲಿ ಗುಜುಗುಜು ಎದ್ದಿತು. ಊರಮ್ಮ ದನಿ ಏರಿಸಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವಂತೆಯೇ ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟು, ಕೆಸರಿನಲ್ಲಿ ಹಿಡಿದದ್ದರಿಂದ ಹಿಡಿದು ಬ್ಲೀಚಿನ ಡಬ್ಬಿಯವರೆಗೆ ನಡೆದದ್ದನ್ನೆಲ್ಲ ಹೇಳಿದರು. ಯಾರ ತಪ್ಪು ಎಂಬ ಪ್ರಶ್ನೆ ಬರುವ ಮೊದಲೇ "ತಪ್ಪು ನಂದು" ಎಂದರು. ಪಕ್ಕೀರಪ್ಪ ಮುಂದಿನ ಸಾಲಿನಲ್ಲಿ ನೆಲ ನೋಡುತ್ತ ಕುಳಿತಿದ್ದರು.

"ಮತ್ತ ನಮ್ಮೂರ ಹೆಸರು?" ಎಂದು ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿತು.

"ಹುಳದ ಹೆಸರಿನಾಗ ಇರಂಗಿಲ್ಲ. ಆದ್ರ ನಮ್ಮೂರಾಗ ನಾಲ್ಕು ಬಗಿ ಚಪ್ಪಟಿ ಹುಳ ಅದಾವು. ನಾಲ್ಕಕ್ಕೂ ಗಂಡು ಸಿಕ್ಕಾವು, ನಾಲ್ಕನ್ನೂ ನಾನು ಕಣ್ಣಾರೆ ನೋಡಿ ಗುರುತಿಸೀನಿ. ಯಾವ ಹುಳ ಎಲ್ಲಿ ಸಿಕ್ತು ಅಂತ ಬರಿಯೋವಾಗ ದೇಶನೂರು ಅಂತ ಬರೀಬೇಕಾಗ್ತೈತಿ. ಅದು ಖರೇ. ಅದನ್ನ ಯಾರು ಬಂದು ಹುಡುಕಿದ್ರೂ ಸಿಗ್ತೈತಿ."

ಸಭೆ ಒಪ್ಪಿತೋ ಇಲ್ಲವೋ ಹೇಳುವಂತಿರಲಿಲ್ಲ. ವೀರಭದ್ರಮ್ಮ ಶಾಲನ್ನು ಕೈಯಲ್ಲಿ ಹಿಡಿದುಕೊಂಡೇ, "ಅಲ್ಲವಾ, ಇಷ್ಟು ದೂರ ಓದೀಯಲ್ಲ, ಅದಕ್ಕರ ಹೊದಿಸ್ತೀವಿ ತಗೋ" ಎಂದರು.

"ಇನ್ನೊಂದು ದಿನ ಹೊದಿಸ್ರಿ. ಪಿಎಚ್.ಡಿ. ಮುಗದ ಮ್ಯಾಲ ನಾನ ಬಂದು ಕೇಳ್ತೀನಿ. ಇವತ್ತು ಬ್ಯಾಡ."

ಆಗ ಬೀಜ ಗೊಬ್ಬರದ ಅಂಗಡಿಯ ವಿರೂಪಾಕ್ಷಿ ಹಿಂದಕ್ಕೆ ತಿರುಗಿ ಜೋರಾಗಿಯೇ ನಕ್ಕರು. ಸುಂಕಣ್ಣ ಯಾವಾಗ ಬಂದಿದ್ದರೋ, ಬೇವಿನ ಮರಕ್ಕೆ ಒರಗಿ ನಿಂತಿದ್ದರು. ಮೈಮೇಲೆ ಆ ಇಸ್ತ್ರಿ ಮಾಡಿದ ಅಂಗಿ ಇತ್ತು.

"ಏನೋ ಸುಂಕಣ್ಣ, ಜಗತ್ತಿನಾಗ ಎಲ್ಲೂ ಇಲ್ಲ ಅಂದಿದ್ಯಲ್ಲ? ನಿನ್ನ ಮಗಳು ಹಿತ್ತಲಾಗ ಐತಿ ಅಂತಾಳ!"

ನಾಲ್ಕು ಮಂದಿ ನಕ್ಕರು. ಊರಮ್ಮ ಮಾತು ನಿಲ್ಲಿಸಿ ಅಪ್ಪನನ್ನೇ ನೋಡಿದರು. ಸುಂಕಣ್ಣ ಮರ ಬಿಟ್ಟು ನೆಟ್ಟಗೆ ನಿಂತರು.

"ಹೌದೋ ವಿರೂಪಾಕ್ಷಿ, ನಾನು ಬಾಯಿಗೆ ಬಂದಂಗ ಹೇಳ್ದೆ. ಮಗಳು ನೋಡಿ ಹೇಳ್ಯಾಳ. ಸುಳ್ಳಿಗೆ ಶಾಲು ಹೊದ್ಕೊಂಡೋರು ಊರಾಗ ಭಾಳ ಮಂದಿ ಅದಾರ. ಖರೇ ಹೇಳಿ ಶಾಲು ಬಿಟ್ಟೋರು ಯಾರಾರ ಇದ್ರ ತೋರಸು, ನೋಡೂಣು."

ವಿರೂಪಾಕ್ಷಿ ಮುಂದಕ್ಕೆ ತಿರುಗಿ ಕುಳಿತರು. ಕಳೆದ ವರ್ಷ ಶಾಲು ಹೊದ್ದವರಲ್ಲಿ ಅವರೂ ಒಬ್ಬರು. ಈ ಸಲ ಸಭೆಯೆಲ್ಲ ನಕ್ಕಿತು.

ಸುಂಕಣ್ಣ ಜನರ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಹತ್ತಿರ ಬಂದು, "ಆ ನಾಲ್ಕು ಬಗಿ ತಂದೀಯೇನು?" ಎಂದು ಕೇಳಿದರು. ಊರಮ್ಮ ಚೀಲದಿಂದ ನಾಲ್ಕು ಚಿಕ್ಕ ಬಾಟಲಿ, ಒಂದು ಭೂತಗನ್ನಡಿ ತೆಗೆದಿಟ್ಟರು. ಸುಂಕಣ್ಣ ಮೊದಲು ತಾವು ಬಾಗಿ ನೋಡಿದರು. ಕಣ್ಣು ಕಿರಿದು ಮಾಡಿ, ಭೂತಗನ್ನಡಿಯನ್ನು ಹತ್ತಿರ ದೂರ ಮಾಡಿ, ಬಹಳ ಹೊತ್ತು ನೋಡಿದರು.

"ಎಲ್ಲಾ ಒಂದ ಕಾಣ್ತಾವಲ್ಲವಾ?"

"ತಿರುಗಿಸಿ ನೋಡು. ಅಂಚು ನೋಡು. ಇದರದು ದುಂಡಗ ಐತಿ, ಇದರದು ಮೂಲಿ ಚೂಪು ಐತಿ."

"ಹಾಂ... ಹೌದು, ಹೌದು. ಬ್ಯಾರೆ ಅದಾವು."

ಅಷ್ಟರಲ್ಲಿ ನಾಟಿಯ ಹೆಂಗಸರು, ಮಕ್ಕಳು, ಎತ್ತರದ ದನಿಯಲ್ಲಿ ತಮ್ಮ ಸರದಿ ಕೇಳುತ್ತ ಮೇಜಿಗೆ ಮುತ್ತಿಕೊಂಡರು. ಬಾಟಲಿ ಉರುಳುವಂತಾಯಿತು. ಸುಂಕಣ್ಣ ಎರಡೂ ಕೈ ಅಗಲಿಸಿ ಮೇಜಿಗೆ ಅಡ್ಡ ನಿಂತು ಕೂಗಿದರು.

"ಏ, ನೂಕಬ್ಯಾಡ್ರಿ! ಒಬ್ಬೊಬ್ಬರ ಬರ್ರಿ. ವಿರೂಪಾಕ್ಷಿ, ನೀನೂ ಸಾಲಿಗೆ ನಿಲ್ಲಪ್ಪ. ಬಂದು ನೋಡಿ ಆಮ್ಯಾಲ ಮಾತಾಡು."